ಮೊದಲ ಸಹಿ ನಬೋರನದು

"ಲೇ ಬಡ್ಡೀಮಗನೆ, ತಿಮಿಂಗಲ ಏನು ನಿಮ್ಮತ್ತೆಯೇನ್ಲಾ, ಅದೇ ಬಾ ಅಂತ ಕರೆಯೋಗಂಟ ಕೈಕಟ್ಕೊಂಡು ಕುಂತಿರಕ್ಕೆ?"

ಡೊನ್ ಫೌಸ್ತೀನೊ ದಡದ ಮೇಲಿಂದ ಕೂಗುತ್ತಿದ್ದ. ನಬೋರ್ ಮೊಣಕಾಲುದ್ದದ ನೀರಲ್ಲಿ ದೋಣಿಯ ಮೂತಿ ಹಿಡಿದು ನಿಂತಿದ್ದ. ದೋಣಿಯಿಂದ ಇಳಿಯುತ್ತಿದ್ದ ಆರು ಜನ ಬಿಳಿಯ ಪ್ರವಾಸಿಗರಿಗೆ, ಊರವರ ಬಾಯಲ್ಲಿ ಗ್ರಿಂಗೊಗಳಿಗೆ, ಇಲ್ಲಿನ ಮಾತು ಬಾರದು. ಧಣಿ ಏನೋ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವರೂ ನಕ್ಕರು. ಕಿತ್ತಳೆ ಜಾಕೆಟ್ಟು ತೊಟ್ಟಿದ್ದ ಮುದುಕಿಯೊಬ್ಬಳು ಫೋನೆತ್ತಿ, "ಇಲ್ಲಿ ನೋಡು" ಅಂತ ಕೈಸನ್ನೆ ಮಾಡಿದಳು. ಬೈಸಿಕೊಳ್ಳುತ್ತಿದ್ದವನು ಫೋಟೋಗೆ ಹಲ್ಲು ಬಿಡಬೇಕಾಯಿತು.

"ಅಷ್ಟು ದೂರದಿಂದ ವಿಮಾನ ಹತ್ತಿ ಬಂದೋರು ಒಂದು ತಿಮಿಂಗಲಾನೂ ಮುಟ್ಟದೆ ಬರೀ ನೀರು ನೋಡ್ಕೊಂಡು ಬಂದವ್ರೆ. ನೀನು ಎಂಜಿನ್ ಆಫ್ ಮಾಡಿ ಅರ್ಧ ಮೈಲಿ ಆಚೆ ಜಪ ಮಾಡ್ತಾ ಇದ್ದೆಯಂತೆ. ಒರಾಲಿಯಳ ಹತ್ರ ಕಲಿತ್ಯಾ ಈ ಬುದ್ಧೀನ? ಕಾಯೋ ಬುದ್ಧಿ ಅವಳಿಗೇನು ಕೊಡ್ತು ನೋಡಿದ್ಯಲ್ಲ? ಕಕ್ಕಸು ತೊಳೀತಾವ್ಳೆ."

ನಬೋರ್ ತಲೆ ಎತ್ತಲಿಲ್ಲ. ಲಂಗರು ಹೂಳಿ, ದೋಣಿಯೊಳಗಿನ ನೀರು ಮೊಗೆದು ಚೆಲ್ಲತೊಡಗಿದ. ಬೈಗುಳ ಅವನಿಗೆ ಹೊಸದಲ್ಲ. ಆದರೆ ಒರಾಲಿಯಳ ಹೆಸರು ಕಿವಿಗೆ ಬಿದ್ದಾಗೆಲ್ಲ ಅವನ ಬಲಗೈ ತನ್ನಷ್ಟಕ್ಕೆ ಮುಷ್ಟಿ ಕಟ್ಟುತ್ತಿತ್ತು. ಎಂಜಿನ್ನಿನ ಹಿಡಿ ಹಿಡಿಯುವ ಕೈ ಅದು.

ಒರಾಲಿಯ ಅವನ ಗೆಳೆಯ ತಾದೆಯೊನ ಹೆಂಡತಿ. ತಾದೆಯೊ ಚಿಪ್ಪುಮೀನು ಕೀಳಲು ಗಾಳಿಯ ಕೊಳವೆ ಬಾಯಿಗೆ ಕಚ್ಚಿಕೊಂಡು ಮುಳುಗುತ್ತಿದ್ದವನು. ಒಂದು ದಿನ ಆಳದಿಂದ ಅವಸರದಲ್ಲಿ ಮೇಲೆ ಬಂದ. ಹಾಗೆ ಒಮ್ಮೆಗೇ ಬಂದರೆ ರಕ್ತದಲ್ಲಿ ಗಾಳಿ ಕಟ್ಟುತ್ತದೆ. ದೋಣಿಯಲ್ಲೇ ಮೈ ಸೆಟೆದು ಸತ್ತ. ಹೆಗಲ ಮೇಲೆ ಹೊತ್ತು ದಡಕ್ಕೆ ತಂದವನು ನಬೋರ್. ಅವರ ಮಗಳಿಗೆ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವನೂ ಅವನೇ. ಗಂಡನ ದುಃಖದ ದಿನ ಕಳೆಯುತ್ತಲೇ ಒರಾಲಿಯ ಅವನ ದೋಣಿಯನ್ನು ತಾನೇ ನೀರಿಗೆ ನೂಕಿದಳು. ಹೆಂಗಸು ಹಿಡಿ ಹಿಡಿದರೆ ದೋಣಿ ಅಡುಗೆಮನೆ ಕಡೆಗೇ ತಿರುಗುತ್ತದೆ ಅಂತ ಗಂಡಸರು ನಕ್ಕರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಇವರ ಊರು ಸಾನ್ ಹಸಿಂತೊದ ಹಿನ್ನೀರಿಗೆ ಚಳಿಗಾಲದಲ್ಲಿ ತಿಮಿಂಗಲಗಳು ಮರಿ ಹಾಕಲು ಬರುತ್ತವೆ. ಆ ಮೂರು ತಿಂಗಳು ಬಲೆ ಬೀಸುವಂತಿಲ್ಲ. ಪ್ರವಾಸಿಗರನ್ನು ಕೂರಿಸಿಕೊಂಡು ನೀರಿಗಿಳಿಯಬೇಕಾದರೆ ಸರಕಾರದ ಪರ್ಮಿಟ್ಟು ಬೇಕು. ಇಲ್ಲೇ ಹುಟ್ಟಿ, ಇದೇ ನೀರಲ್ಲಿ ಈಜು ಕಲಿತವರಿಗೆ ಪರ್ಮಿಟ್ಟಿಲ್ಲ. ರಾಜಧಾನಿಯಲ್ಲಿ ಮನೆ ಇರುವ ಫೌಸ್ತೀನೊಗೆ ಎಂಟು. ಒಂಬತ್ತನೆಯದೊಂದು ಮಾತ್ರ ಮೀನುಗಾರರ ಸಂಘದ ಹೆಸರಲ್ಲಿತ್ತು. ಆ ದೋಣಿಯನ್ನು ನಡೆಸುತ್ತಿದ್ದವಳು ಒರಾಲಿಯ.

ಅವಳದು ಒಂದೇ ಪದ್ಧತಿ. ದೂರದಲ್ಲೇ ಎಂಜಿನ್ ಆರಿಸಿ ಕೂರುವುದು. "ನಾವು ಬಾಣಂತಿ ಮನೆಗೆ ಬಂದಿರೋದು ಕಣಪ್ಪ," ಅನ್ನುತ್ತಿದ್ದಳು. "ಬಾಣಂತಿ ಮನೆಗೆ ಯಾರಾದ್ರೂ ನುಗ್ತಾರಾ? ಹೊರಗೆ ನಿಂತು ಕೆಮ್ಮಬೇಕು. ಕರೆದ್ರೆ ಹೋಗ್ಬೇಕು. ಕರೀಲಿಲ್ವಾ, ಬಂದ ದಾರೀಲೇ ವಾಪಸ್." ಎಷ್ಟೋ ದಿನ ಯಾವ ತಿಮಿಂಗಲವೂ ಕರೆಯುತ್ತಿರಲಿಲ್ಲ. ಕರೆದ ದಿನ ಮಾತ್ರ ತಾಯಿಯೇ ಮರಿಯನ್ನು ಮೂತಿಯಿಂದ ನೂಕಿಕೊಂಡು ಬಂದು ಅವಳ ದೋಣಿಗೆ ಒರಗಿಸುತ್ತಿತ್ತು. ಅದನ್ನು ಕಂಡ ಗ್ರಿಂಗೊಗಳು ಮರುವರ್ಷ ಅವಳ ದೋಣಿಯೇ ಬೇಕು ಅನ್ನತೊಡಗಿದರು. ಫೌಸ್ತೀನೊಗೆ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಹೋದ ವರ್ಷದ ಫೆಬ್ರವರಿಯ ಒಂದು ಬೆಳಿಗ್ಗೆ, ಮಧ್ಯಾಹ್ನ ಊರು ಬಿಡಲಿದ್ದ ಇಬ್ಬರು ದೊಡ್ಡ ಕುಳಗಳನ್ನು ಕೂರಿಸಿಕೊಂಡು ಫೌಸ್ತೀನೊ ತಾನೇ ನಬೋರನ ದೋಣಿ ಹತ್ತಿದ್ದ. ಅಳಿವೆಯ ಹತ್ತಿರ ತಾಯಿ–ಮರಿ ಎರಡೂ ನಿಧಾನವಾಗಿ ಒರಾಲಿಯಳ ದೋಣಿಯ ಕಡೆ ಸಾಗುತ್ತಿದ್ದವು. ಅವಳ ಎಂಜಿನ್ ಆರಿತ್ತು.

"ನಡುವೆ ನುಗ್ಗಿಸು. ತಾಯೀನ ನಮ್ ಕಡೆ ತಿರುಗ್ಸು," ಅಂದ ಫೌಸ್ತೀನೊ.

"ಧಣಿ, ಮರಿ ಆ ಮಗ್ಗುಲಾಗೈತೆ…"

"ನಿನ್ನ ಕೇಳಿದ್ನೇನ್ಲಾ, ಸೂಳೆಮಗನೆ? ನುಗ್ಗಿಸು ಅಂದ್ರೆ ನುಗ್ಗಿಸು."

ನಬೋರ್ ನುಗ್ಗಿಸಿದ.

ಹಸಿ ಕುಂಬಳಕಾಯಿಗೆ ಮಚ್ಚು ಬಿದ್ದಂಥ ಸದ್ದು. ಹಿಡಿ ಅವನ ಅಂಗೈಯಲ್ಲಿ ಒಮ್ಮೆ ಒದ್ದುಕೊಂಡಿತು, ಅಷ್ಟೇ. ಫೌಸ್ತೀನೊ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಮರಳ ದಿಬ್ಬ ತಾಗಿತು ಅಂತ ಹೇಳಿ ನಕ್ಕ. ಆಮೇಲೆ ನಗುಮುಖದಲ್ಲೇ ನಬೋರನಿಗೆ, "ಹಿಂದಕ್ಕೆ ತಿರುಗಿದ್ರೆ ಕತ್ತು ಮುರೀತೀನಿ, ನಡಿ," ಅಂದ. ನಬೋರ್ ತಿರುಗಲಿಲ್ಲ. ಆದರೂ ದೋಣಿಯ ಬಾಲದಲ್ಲಿ ಏಳುತ್ತಿದ್ದ ನೊರೆ ಕಣ್ಣಂಚಿಗೆ ಬಿತ್ತು. ಅದು ಬೆಳ್ಳಗಿರಲಿಲ್ಲ.

ಹಿಂದಕ್ಕೆ ಹೋದವಳು ಒರಾಲಿಯ. ಎಂಜಿನ್ ಹಚ್ಚದೆ, ಬರೀ ಹುಟ್ಟು ಹಾಕಿಕೊಂಡು ಹೋಗಿ, ತಾಯಿ ಬಾಲ ಬಡಿಯುತ್ತಿದ್ದರೂ ಮರಿಯ ಹತ್ತಿರವೇ ನಿಂತು, ವಯರ್‌ಲೆಸ್ಸಿನಲ್ಲಿ ವನ್ಯಜೀವಿ ಇಲಾಖೆಯವರನ್ನು ಕೂಗಿ ಕರೆದಳು. ಇಲಾಖೆಯ ದೋಣಿ ಬಂದಾಗ ಕೆಂಪು ನೀರಿನ ಪಕ್ಕ ಇದ್ದದ್ದು ಅವಳ ದೋಣಿ ಒಂದೇ.

ಫೌಸ್ತೀನೊಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ, ಮರಿಗೆ ಬಡಿದದ್ದು ಒರಾಲಿಯಳ ದೋಣಿ ಅನ್ನುವ ಕಾಗದ ಸಿದ್ಧವಾಗಿತ್ತು. "ಒಬ್ರು ಹೋಗ್ಲೇಬೇಕು ನಬೋರ. ನೀನಾ, ಅವಳಾ? ಯೋಚ್ನೆ ಮಾಡು," ಅಂದ. ಬೈಯಲಿಲ್ಲ, ಹೆಗಲ ಮೇಲೆ ಕೈ ಹಾಕಿದ್ದ. ನಬೋರ್ ಯೋಚನೆ ಮಾಡಲಿಲ್ಲ. ಪೆನ್ನು ಇಸಿದುಕೊಂಡು ಸಹಿ ಹಾಕಿದ. ಅವನ ಕೆಳಗೆ ಕೊಸ್ಮೆ, ಕೊಸ್ಮೆಯ ಕೆಳಗೆ ಬೆನಿಗ್ನೊ. ಅವರಿಬ್ಬರೂ ಫೌಸ್ತೀನೊನ ದೋಣಿ ನಡೆಸುವವರೇ; ಆ ಬೆಳಿಗ್ಗೆ ಹಿನ್ನೀರಿನ ಇನ್ನೊಂದು ತುದಿಯಲ್ಲಿದ್ದವರು.

ವಿಚಾರಣೆಯ ದಿನ ಒರಾಲಿಯ ಒಂದೇ ಮಾತಾಡಿದ್ದು. "ನಬೋರಣ್ಣ, ನನ್ ಮುಖ ನೋಡ್ಕೊಂಡು ಹೇಳು."

ನಬೋರ್ ಅಧಿಕಾರಿಯ ಬೂಟು ನೋಡಿಕೊಂಡು ಹೇಳಿದ.

ಸಂಘದ ಪರ್ಮಿಟ್ಟು ರದ್ದಾಯಿತು. ಈ ವರ್ಷ ಫೌಸ್ತೀನೊಗೆ ಒಂಬತ್ತು. ಚಳಿಗಾಲದಲ್ಲಿ ಬೇರೆ ಕೂಲಿ ಹುಟ್ಟದ ಊರು. ಒರಾಲಿಯ ಅದೇ ಫೌಸ್ತೀನೊನ ಕ್ಯಾಂಪಿಗೆ ಅಡುಗೆಗೆ, ಕಕ್ಕಸಿಗೆ ಸೇರಿದಳು. ಆ ಮರಿಯನ್ನು ಮತ್ತೆ ಯಾರೂ ಕಾಣಲಿಲ್ಲ. ತಾಯಿಯ ಹಿಂದೆ ಉತ್ತರದ ಹಿಮದ ಕಡಲಿಗೆ ಈಜಿಕೊಂಡು ಹೋಯಿತೋ, ಅಳಿವೆಯಾಚೆ ಶಾರ್ಕುಗಳ ಬಾಯಿಗೆ ಬಿತ್ತೋ ಗೊತ್ತಿಲ್ಲ. ಈ ವರ್ಷ ಒಂದೊಂದು ತಿಮಿಂಗಲ ನೀರು ಸೀಳಿ ಎದ್ದಾಗಲೂ ಅತಿಥಿಗಳು ಅದರ ಕಣ್ಣು ನೋಡುತ್ತಿದ್ದರು. ನಬೋರ್ ಗಾಯದ ಗುರುತಿಗೆ ಅದರ ಬೆನ್ನು ನೋಡುತ್ತಿದ್ದ.

ಹೆಂಡತಿ ಅಂಪಾರೊ ಅವನನ್ನು ಏನೂ ಕೇಳಲಿಲ್ಲ. ಆದರೆ ಅಂದಿನಿಂದ ಒರಾಲಿಯಳ ಮನೆ ಮುಂದಿನ ದಾರಿ ಬಿಟ್ಟು, ಉಪ್ಪಿನ ಬಯಲು ಸುತ್ತಿಕೊಂಡು ಅಂಗಡಿಗೆ ಹೋಗತೊಡಗಿದಳು.

*

ಮಧ್ಯಾಹ್ನ ಊಟದ ಡೇರೆಯಲ್ಲಿ ಫೌಸ್ತೀನೊ ಅತಿಥಿಗಳಿಗೆ ಉಪನ್ಯಾಸ ಕೊಡುತ್ತಿದ್ದ. ದಿನವೂ ಕೊಡುವುದೇ. ಹಿಂದೆ ಕ್ಯಾನ್ವಾಸಿನ ಮೇಲೆ ನಿಯಮಗಳ ಬೋರ್ಡು: ಒಂದು ತಿಮಿಂಗಲದ ಹತ್ತಿರ ಎರಡೇ ದೋಣಿ. ಅಟ್ಟಿಸಿಕೊಂಡು ಹೋಗಬಾರದು. ತಾಯಿ–ಮರಿ ನಡುವೆ ಬರಬಾರದು.

ದೋಣಿಯವರು ಉಣ್ಣುವುದು ಡೇರೆಯ ಹೊರಗೆ, ನೀರಿನ ಡ್ರಮ್ಮಿನ ಪಕ್ಕ. ನಬೋರ್ ತಟ್ಟೆ ಹಿಡಿದು ಅಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಒರಾಲಿಯ ಬಂದು ಬೀನ್ಸ್ ಕಾಳಿನ ಪಕ್ಕ ಎರಡು ಬಿಸಿ ಟೋರ್ಟಿಯಾ ರೊಟ್ಟಿ ಹಾಕಿದಳು. ಸೀದಿದ್ದನ್ನು, ಹರಿದಿದ್ದನ್ನು ಅವಳು ಒಂದು ದಿನವೂ ಅವನಿಗೆ ಹಾಕಿದವಳಲ್ಲ. ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇನ್ನೊಂದು ಹಾಕ್ಲಾ?"

"ಸಾಕು ಅತ್ತಿಗೆ."

ವರ್ಷದಿಂದ ಅವರಿಬ್ಬರ ನಡುವೆ ಉಳಿದಿದ್ದ ಮಾತು ಇಷ್ಟೇ.

ಅವಳು ಸಾರಿನ ಬಟ್ಟಲುಗಳನ್ನು ಹೊತ್ತು ಡೇರೆಯೊಳಗೆ ಹೋದಳು. ಫೌಸ್ತೀನೊನ ಇಂಗ್ಲಿಷು ಹೊರಗೆ ಕೇಳುತ್ತಿತ್ತು. ಹತ್ತು ವರ್ಷ ಅತಿಥಿಗಳನ್ನು ಹೊತ್ತು ತಿರುಗಿದ ನಬೋರನಿಗೆ ಅದು ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಒರಾಲಿಯಳಿಗೆ ಒಂದಕ್ಷರವೂ ಆಗುತ್ತಿರಲಿಲ್ಲ.

"ಹೋದ ವರ್ಷ ಒಂದು ಮರಿಗೆ ದೋಣಿಯ ಎಂಜಿನ್ನಿನ ಫ್ಯಾನು ಹೊಡೀತು," ಅನ್ನುತ್ತಿದ್ದ ಫೌಸ್ತೀನೊ. "ಆಸೆಬುರುಕ ದೋಣಿಯವಳೊಬ್ಬಳು. ನಾನೇ ದೂರು ಕೊಟ್ಟು ಅವಳ ಪರ್ಮಿಟ್ಟು ತೆಗೆಸಿದೆ. ಆದರೂ ನೋಡಿ, ಹೊಟ್ಟೆಪಾಡು ಅಂತ ನಾನೇ ಕೆಲಸ ಕೊಟ್ಟಿದ್ದೀನಿ." ಗದ್ದ ಎತ್ತಿ ಒರಾಲಿಯಳ ಕಡೆ ತೋರಿಸಿದ.

ಒರಾಲಿಯ ಕಿತ್ತಳೆ ಜಾಕೆಟ್ಟಿನ ಮುದುಕಿಯ ಮುಂದೆ ಬಟ್ಟಲು ಚಾಚಿದ್ದಳು. ಮುದುಕಿ ಬಟ್ಟಲಿನಿಂದ ಅವಳ ಮುಖಕ್ಕೆ ಕಣ್ಣೆತ್ತಿದಳು. ಆಮೇಲೆ ಎರಡೂ ಕೈ ಮಡಿಲಿಗೆ ಎಳೆದುಕೊಂಡು, "ಈ ಕೈಯಿಂದ ನನಗೆ ಬೇಡ," ಅಂದಳು. ಮೆತ್ತಗೇ ಅಂದಳು. ಪಕ್ಕದವನೂ ತನ್ನ ಬಟ್ಟಲನ್ನು ಮೇಜಿನ ನಡುವಿಗೆ ಸರಿಸಿದ.

ಒರಾಲಿಯ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಳು. ಒಂದು ಹನಿಯೂ ಚೆಲ್ಲಿರಲಿಲ್ಲ.

"ಏನಂದ್ಲು ಆಯಮ್ಮ?" ಅಂತ ನಬೋರನನ್ನು ಕೇಳಿದಳು.

ಅವನ ಬಾಯಲ್ಲಿ ಟೋರ್ಟಿಯಾ ಇತ್ತು. ಅದನ್ನು ನುಂಗಲು ಬಹಳ ಹೊತ್ತು ಹಿಡಿಯಿತು.

"ಸಾರು ತುಂಬ ಬಿಸಿ ಅಂದ್ಲು."

ಒರಾಲಿಯ ಬಟ್ಟಲಿಗೆ ಬೆರಳದ್ದಿ ನೋಡಿದಳು. ಅವನ ಮುಖವನ್ನೂ ಒಂದು ಗಳಿಗೆ ನೋಡಿದಳು. "ಆರೋಗೈತಲ್ಲ," ಅಂದು ಅಡುಗೆಮನೆಗೆ ನಡೆದಳು.

*

ಮರುದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಹಿನ್ನೀರು ಎಣ್ಣೆ ಸವರಿದ ಕಾವಲಿಯಂತೆ ಮಿರುಗುತ್ತಿತ್ತು. ನಬೋರನ ದೋಣಿಯಲ್ಲಿ ನಿನ್ನೆಯ ಆರು ಜನರೇ ಇದ್ದರು. ಫೌಸ್ತೀನೊ ಇನ್ನೊಂದು ದೋಣಿಯಲ್ಲಿ ದೂರದಲ್ಲಿದ್ದ.

ನಬೋರ್ ಎಂಜಿನ್ ಆರಿಸಿದ. ವಯರ್‌ಲೆಸ್ಸು ಗೊರಗುಟ್ಟಿತು: "ಏನ್ಲಾ ನಬೋರ, ಮತ್ತೆ ಜಪಕ್ಕೆ ಕುಂತ್ಯಾ?" ಅರ್ಧ ಗಂಟೆಯಾಯಿತು. ಅತಿಥಿಗಳು ಆಕಳಿಸತೊಡಗಿದ್ದರು, ಅಷ್ಟರಲ್ಲಿ ದೋಣಿಯ ಅಡಿಯಲ್ಲಿ ನೀರಿನ ಬಣ್ಣ ತಿರುಗಿತು. ಬೂದು ಬಂಡೆಯೊಂದು ಉಸಿರು ಬಿಡುತ್ತ ಮೇಲೆ ಬಂತು. ಅದರ ಮಗ್ಗುಲಲ್ಲಿ ಒಂದು ಮರಿ. ತಾಯಿ ಮರಿಯನ್ನು ದೋಣಿಯ ಕಡೆ ನೂಕಿತು. ಮುದುಕಿ ಅರ್ಧ ಮೈ ಹೊರಕ್ಕೆ ಬಾಗಿ ಅದರ ಮೂತಿ ಸವರಿದಳು. ನೆನೆದ ರಬ್ಬರಿನಂಥ ಚರ್ಮ. ಮರಿ ಹೊರಳಿಕೊಂಡು ಒಂದು ಕಣ್ಣು ಬಿಟ್ಟು ಅವಳನ್ನು ನೋಡಿತು.

ನಬೋರ್ ಬೆನ್ನು ನೋಡಿದ. ನುಣುಪಾಗಿತ್ತು. ಇದು ಈ ವರ್ಷದ ಮರಿ.

ಮುದುಕಿ ಅಳುತ್ತಿದ್ದಳು. ತಾಯಿ–ಮರಿ ಮುಳುಗಿ ಹೋದಮೇಲೂ ಅವಳ ಅಳು ನಿಲ್ಲಲಿಲ್ಲ. ಹಿಂದಕ್ಕೆ ತಿರುಗಿ, ಒದ್ದೆ ಕೈಯನ್ನೇ ಚಾಚಿ, ನಬೋರನ ಬಲಗೈಯನ್ನು ಬಾಚಿ ಹಿಡಿದುಕೊಂಡಳು. "ನೀನು ಒಳ್ಳೇ ಮನುಷ್ಯ," ಅಂದಳು. "ನೀನು ಕಾದೆ. ನಿನ್ನಂಥವರ ಕೈಯಲ್ಲಿದ್ದರೆ ಇವಕ್ಕೇನೂ ಭಯವಿಲ್ಲ. ಆ ಹೆಂಗಸಿನಂಥವರು…"

ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದು ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಆ ಹೆಂಗಸಲ್ಲ," ಅಂದ ನಬೋರ್, ತನಗೆ ಬರುತ್ತಿದ್ದ ಹರಕು ಇಂಗ್ಲಿಷಿನಲ್ಲಿ. "ನಾನು."

ಮುದುಕಿ ಕಣ್ಣೀರಲ್ಲೇ ನಕ್ಕಳು. ಅರ್ಥವಾಗಿರಲಿಲ್ಲ.

"ಮರಿ. ಹೋದ ವರ್ಷ. ಫ್ಯಾನು." ಎಡಗೈಯ ಬೆರಳನ್ನು ಗಾಳಿಯಲ್ಲಿ ಗಿರಗಿರನೆ ತಿರುಗಿಸಿ, ಎಂಜಿನ್ನು ತೋರಿಸಿ, ಎದೆ ಮುಟ್ಟಿಕೊಂಡ. "ನಾನು. ಈ ಕೈ."

ಅವಳ ಹಿಡಿತ ಸಡಿಲವಾಯಿತು. ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಆರು ಜನರೂ ಅವನನ್ನು ನೋಡಿದರು. ವರ್ಷವಿಡೀ ಅವನು ಹೆದರಿದ್ದು ಈ ನೋಟಕ್ಕೇ. ಬಂದಮೇಲೆ ನೋಡಿದರೆ, ಅದು ಒರಾಲಿಯಳ ಟೋರ್ಟಿಯಾದಷ್ಟು ಭಾರವಾಗಿರಲಿಲ್ಲ.

ವಯರ್‌ಲೆಸ್ಸಿನ ಗುಂಡಿ ಒತ್ತಿದ. ಊರಿಗೆಲ್ಲ ಒಂದೇ ಚಾನಲ್ಲು. ಒಂಬತ್ತು ದೋಣಿಗಳಲ್ಲಿ, ಕ್ಯಾಂಪಿನ ಅಡುಗೆಮನೆಯಲ್ಲಿ, ಊರಿನ ಅಷ್ಟೂ ಮನೆಗಳಲ್ಲಿ ಬೆಳಗಿಂದ ಸಂಜೆತನಕ ಅದು ಹಚ್ಚಿಯೇ ಇರುತ್ತದೆ.

"ನಾನು ನಬೋರ್ ಮಾತಾಡ್ತಿರೋದು," ಅಂದ. "ಎಲ್ರೂ ಕೇಳ್ಕೊಳಿ. ಹೋದ್ವರ್ಷ ಮರಿಗೆ ಬಡಿದಿದ್ದು ನನ್ ಫ್ಯಾನು. ಡೊನ್ ಫೌಸ್ತೀನೊ ದೋಣೀಲಿದ್ರು, ನುಗ್ಗಿಸು ಅಂದ್ರು, ನುಗ್ಗಿಸಿದೆ. ಒರಾಲಿಯತ್ತಿಗೆ ಎಂಜಿನ್ ಆರಿಸಿ ಕುಂತಿದ್ಲು. ನಾನು ಸುಳ್ಳು ಸಹಿ ಹಾಕ್ದೆ. ಆಯ್ತು, ಇಷ್ಟೆಯ."

ಗುಂಡಿ ಬಿಡುತ್ತಲೇ ಫೌಸ್ತೀನೊನ ದನಿ: "ಚಾನಲ್ ಬಿಡೋ ನಾಯಿ! ಕುಡಿದವ್ನೆ, ಯಾರೂ ನಂಬ್ಬೇಡಿ, ಕುಡಿದವ್ನೆ!"

ದಡಕ್ಕೆ ಬಂದಾಗ ಫೌಸ್ತೀನೊ ಮೊದಲೇ ಬಂದು ಕಾಯುತ್ತಿದ್ದ. ಕೂಗಲಿಲ್ಲ. ಅತಿಥಿಗಳ ಕಡೆ ಹಲ್ಲುಬಿಟ್ಟುಕೊಂಡು, ತುಟಿ ಅಲ್ಲಾಡಿಸದೆ, "ತಮಾಷೆಗಂದೆ ಅಂತ ಹೇಳು ಅವ್ರಿಗೆ. ಇಂಗ್ಲಿಷಲ್ಲಿ. ಈಗಲೇ," ಅಂದ.

"ಇಲ್ಲ ಧಣಿ."

"ನಿಮ್ಮವ್ವನ್, ನಾಳೆ ಗಂಜಿಗೆ ಏನ್ ಮಾಡ್ತೀಯ?"

"ನಾಳೆದು ನಾಳೆ. ಇವತ್ತಿಂದು ಹೇಳ್ದೆ."

ಫೌಸ್ತೀನೊ ಅವನ ಕೆನ್ನೆಗೆ ಬಾರಿಸಿದ. ಆರು ಜನ ಗ್ರಿಂಗೊಗಳು ದೋಣಿಯಿಂದ ಇಳಿಯದೆ ಕೂತು ನೋಡಿದರು. ಈ ಸಲ ಯಾರೂ ಇದನ್ನು ತಮಾಷೆ ಅಂದುಕೊಳ್ಳಲಿಲ್ಲ. ಯಾರೂ ಎದ್ದು ತಡೆಯಲೂ ಇಲ್ಲ. ನಬೋರ್ ಲಂಗರು ಹೂಳಿ, ಎಂಜಿನ್ನಿನ ಕೀಲಿಯನ್ನು ದೋಣಿಯ ಅಂಚಿನ ಮೇಲಿಟ್ಟು, ಅಡುಗೆಮನೆ ಕಡೆ ನಡೆದ. ಒರಾಲಿಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ವಯರ್‌ಲೆಸ್ಸು ಇನ್ನೂ ಗೊರಗುಟ್ಟುತ್ತಿತ್ತು.

"ಅತ್ತಿಗೆ, ನಂದು ತಪ್ಪಾಯ್ತು…"

"ಅದು ನಂಗೆ ಹೋದ್ವರ್ಷಾನೇ ಗೊತ್ತಿತ್ತು. ನಂಗ್ಯಾಕೆ ಹೇಳ್ತೀಯ?" ಅಂದಳು. "ಬರಕೊಂಡೋರ ಹತ್ರ ಹೋಗಿ ಹೇಳು."

ಬಾಗಿಲು ಹಾಕಿಕೊಂಡಳು.

*

ಪಟ್ಟಣಕ್ಕೆ ಉಪ್ಪಿನ ಬಯಲಿನ ಮೇಲೆ ನಾಲ್ಕು ಗಂಟೆ ದಾರಿ. ಕುಡಿಯುವ ನೀರು ತರುವ ಲಾರಿ ಖಾಲಿಯಾಗಿ ಹಿಂದಿರುಗುತ್ತಿತ್ತು, ನಬೋರ್ ಹತ್ತಿಕೊಂಡ. ಅಂಪಾರೊ ಒಣಮೀನು ಹುರಿದು ಟೋರ್ಟಿಯಾದಲ್ಲಿ ಸುತ್ತಿ ಕೈಗೆ ಕೊಟ್ಟಿದ್ದಳು. ಲಾರಿಯವರೆಗೂ ಬಂದಿದ್ದಳು. ಒರಾಲಿಯಳ ಮನೆ ಮುಂದಿನ ದಾರಿಯಲ್ಲೇ ಬಂದಿದ್ದಳು.

ಇಲಾಖೆಯ ಕಚೇರಿಯ ಗುಮಾಸ್ತ ಕಡತ ತೆಗೆಯದೆಯೇ ಹೇಳಿದ: "ಮುಗಿದ್ಹೋಗಿರೋ ಕೇಸು."

"ನಾನು ಸುಳ್ಳು ಹೇಳಿದ್ದೆ ಸ್ವಾಮಿ. ನಿಜ ಬರೆಸಕ್ಕೆ ಬಂದಿವ್ನಿ."

"ಸಾಕ್ಷಿ ಇದೆಯಾ?"

"ನಾನೇ ಸಾಕ್ಷಿ."

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ನೋಡಯ್ಯ, ಹೋದ್ಸಲ ಸುಳ್ಳು ಸಾಕ್ಷಿ ಹೇಳಿದ್ದೆ ಅಂತ ನೀನೇ ಹೇಳ್ತಾ ಇದ್ದೀಯ. ಸುಳ್ಳುಗಾರನ ಮಾತನ್ನ ನಾನು ಹೆಂಗಪ್ಪ ಬರ್ಕೊಳ್ಳಲಿ? ಕಾಗದದಲ್ಲಿ ಮೂರು ಸಹಿ ಇವೆ. ಮೂರೂ ಜನ ಬಂದು ತಪ್ಪು ಅಂದ್ರೆ ಸಾಹೇಬ್ರು ನೋಡಬಹುದು. ಒಬ್ಬ ಬಂದ್ರೆ ಆಗಲ್ಲ. ನಡಿ, ನಡಿ."

ಸುಳ್ಳಿಗೆ ಮೊದಲ ಸಹಿ ಹಾಕುವಾಗ ಯಾರೂ ಅವನಿಗೆ ಸಾಕ್ಷಿ ಕೇಳಿರಲಿಲ್ಲ. ನಬೋರ್ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತ. ಸಂಜೆ ಜವಾನ ಎಬ್ಬಿಸಿದಾಗ ಎದ್ದು, ಬೆಳಿಗ್ಗೆ ಬಂದು ಮತ್ತೆ ಅಲ್ಲೇ ಕೂತ. ಎರಡನೆಯ ದಿನ ಒಣಮೀನು ಮುಗಿಯಿತು. ಬರುವವರು ಹೋಗುವವರು ಅವನನ್ನು ದಾಟಿಕೊಂಡು ಹೋದರು. ಒಬ್ಬಾಕೆ ಭಿಕ್ಷುಕನೆಂದುಕೊಂಡು ಒಂದು ನಾಣ್ಯ ಇಟ್ಟುಹೋದಳು. ಅವನು ಅದನ್ನು ಮುಟ್ಟಲಿಲ್ಲ.

ಮೂರನೆಯ ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ನೀರಿನ ಲಾರಿ ಕಚೇರಿಯ ಎದುರು ನಿಂತಿತು. ಮೊದಲು ಕೊಸ್ಮೆ ಇಳಿದ, ಆಮೇಲೆ ಬೆನಿಗ್ನೊ. ಇಬ್ಬರ ಮುಖವೂ ಗುಟ್ಟು ಬಯಲಾದ ಕಳ್ಳರ ಮುಖದಂತಿತ್ತು. ಅವರ ಹಿಂದೆ ಒರಾಲಿಯ.

"ಮೂರು ದಿನ ಆಯ್ತು ಕಣೋ, ಕ್ಯಾಂಪಿನ ಒಲೆ ಹಚ್ಚಿಲ್ಲ ಇವಳು," ಅಂದ ಕೊಸ್ಮೆ, ನೆಲ ನೋಡಿಕೊಂಡು. "ಬೆಳಗಾದ್ರೆ ನಮ್ಮನೆ ಹೊಸ್ತಿಲ ಮೇಲೆ, ಮಧ್ಯಾಹ್ನ ಇವನ ಮನೆ ಹೊಸ್ತಿಲ ಮೇಲೆ. ಬಾಯೇ ಬಿಡಲ್ಲ, ಸುಮ್ಕೆ ಕುಂತಿರ್ತಾಳೆ. ನನ್ ಹೆಂಡ್ತಿ ನಂಗೆ ಅನ್ನ ಹಾಕೋದ್ ಬಿಟ್ಲು."

ನಬೋರ್ ಎದ್ದು ನಿಂತ. ಕಾಲು ಮರಗಟ್ಟಿತ್ತು. "ಅತ್ತಿಗೆ…" ಅಂದ.

"ನನ್ ಹತ್ರ ಮಾತಾಡ್ಬೇಡ," ಅಂದಳು ಒರಾಲಿಯ. "ಒಳಗೆ ಮಾತಾಡು."

ಒಳಗಿಂದ ಗುಮಾಸ್ತ ಎದ್ದು ಬಂದಿದ್ದ. ನಾಲ್ವರನ್ನೂ ಕಂಡು ಗೋಡೆಯ ಗಡಿಯಾರ ತೋರಿಸಿ, "ಊಟದ ಹೊತ್ತು, ನಾಳೆ ಬನ್ನಿ," ಅನ್ನುತ್ತ ಬಾಗಿಲು ಎಳೆದುಕೊಂಡ. ಒರಾಲಿಯ ಚಪ್ಪಲಿಯ ಕಾಲನ್ನು ಬಾಗಿಲ ಸಂದಿಗೆ ಇಟ್ಟಳು. ಬಾಗಿಲು ಅದರ ಮೇಲೆ ಬಂದು ಬಡಿಯಿತು. ಅವಳು ಕಾಲು ತೆಗೆಯಲಿಲ್ಲ.